ಹಿಂದಿನ ಓಣಿ

ಮಲ್ಲೇಶ್ವರದ ಮನೆಗಳ ಮುಂದೆ ಊರೆಲ್ಲ ಓಡಾಡುತ್ತದೆ. ಹಿಂದೆ ಹೋಗುವವರು ಕಡಿಮೆ. ಬೆಳಗಿನ ಆರು ಗಂಟೆಗೆ ಆ ಕಡೆ ತಿರುಗಿದರೆ, ಬೆನ್ನು ಹಾಕಿ ನಿಂತ ಎರಡು ಸಾಲು ಮನೆಗಳ ನಡುವೆ ಕಿರಿದಾದ ಓಣಿ. ಪಾಚಿ ಹಿಡಿದ ಗೋಡೆ, ಅದರಾಚೆಯಿಂದ ಬಾಗಿ ಬಂದ ಮಾವಿನ ಕೊಂಬೆ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಿಂಡಿ, ಎಂದೋ ಇಟ್ಟಿಗೆಯಿಟ್ಟು ಮುಚ್ಚಿದ್ದು. ಹಳಬರು ಈ ಓಣಿಯನ್ನು ಇಂದಿಗೂ ‘ಕನ್ಸರ್ವೆನ್ಸಿ’ ಎಂದೇ ಕರೆಯುತ್ತಾರೆ. ಬೆಂಗಳೂರು ಪ್ಲೇಗಿಗೆ ಕೊಟ್ಟ ಉತ್ತರದ ಒಂದು ಸಾಲು ಇಲ್ಲಿದೆ.

1898ರ ಆಗಸ್ಟ್. ಎರಡು ವರ್ಷದ ಹಿಂದೆ ಮುಂಬಯಿಗೆ ಬಂದಿದ್ದ ಮಾರಿ ಹುಬ್ಬಳ್ಳಿಯ ಕಡೆಯಿಂದ ರೈಲು ಹತ್ತಿ ಬೆಂಗಳೂರಿನಲ್ಲಿ ಇಳಿಯಿತು. ನಿಲ್ದಾಣದಿಂದ ಅಕ್ಕಿಪೇಟೆ ಎಷ್ಟು ದೂರ? ಅದರಾಚೆಗೆ ತರಗುಪೇಟೆ. ಹೆಸರುಗಳೇ ಹೇಳುತ್ತವೆ: ಮೂಟೆ ಮೂಟೆ ದವಸ, ಗೋಡೆಗೆ ಗೋಡೆ ತಾಗಿದ ಮನೆ, ಕಿಟಕಿಯಿಲ್ಲದ ನಡುಮನೆ. ಇಲಿಗಳಿಗೆ ಇನ್ನೇನು ಬೇಕು? ಅಟ್ಟದಿಂದ ಸತ್ತ ಇಲಿ ಬಿದ್ದರೆ ಮನೆಯವರ ಎದೆ ಒಡೆಯುತ್ತಿತ್ತು. ಆಮೇಲೆ ಜ್ವರ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಗಡ್ಡೆ. ‘ಇಲಿ ಬಿತ್ತು’ ಎಂಬ ಎರಡು ಮಾತಿಗೆ ಹಳೇ ಮೈಸೂರಿನ ಊರುಗಳು ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡವು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಮೈಕೊಡವಿ ಎದ್ದಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರ್ ಆದರು. ರೈಲಿಳಿದವರ ತಪಾಸಣೆ, ಊರ ಹೊರಗೆ ಶೆಡ್ಡುಗಳು, ಸೋಂಕಿನ ಮನೆಗಳಿಗೆ ಔಷಧದ ನೀರು. ಪ್ಲೇಗಿನ ಕೆಲಸಕ್ಕೆಂದೇ ನಗರದಲ್ಲಿ ಟೆಲಿಫೋನು ತಂತಿ ಎಳೆದರು. ಇಷ್ಟೆಲ್ಲ ನಡೆಯುವಾಗ ಶತ್ರುವಿನ ಮುಖವೇ ಅರ್ಧ ಕತ್ತಲಲ್ಲಿತ್ತು. ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದ್ದ. ಅದು ಇಲಿಯ ಚಿಗಟದಿಂದ ಮನುಷ್ಯನಿಗೆ ದಾಟುತ್ತದೆಂದು ಸಿಮೊನ್ ಎಂಬ ವೈದ್ಯ ಕಂಡುಕೊಂಡದ್ದು ಇದೇ 1898ರಲ್ಲಿ. ಲೋಕ ಅದನ್ನು ನಂಬಲು ಇನ್ನೂ ವರ್ಷಗಳು ಬೇಕಾದವು. ಹೀಗಾಗಿ ಅಧಿಕಾರಿಗಳು ಕೊಳಕಿನ ಮೇಲೆ, ಇಕ್ಕಟ್ಟಿನ ಮೇಲೆ ಯುದ್ಧ ಹೂಡಿದರು.

ಆದರೆ ಆ ಯುದ್ಧ ನಡೆದದ್ದು ಜನರ ಮನೆಯೊಳಗೆ. ಪರಪುರುಷರು ಅಡುಗೆಮನೆಗೆ ನುಗ್ಗಿ, ಜ್ವರದ ಹೆಂಗಸಿನ ಮೈಮುಟ್ಟಿ ನೋಡಿ, ಮಗುವನ್ನು ತಾಯಿಯಿಂದ ಬಿಡಿಸಿ ಶೆಡ್ಡಿಗೆ ಒಯ್ದರೆ ಯಾರಿಗೆ ಸಹನೆಯಾದೀತು? 1897ರ ಜೂನ್ 22ರ ರಾತ್ರಿ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್ ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದ. ಅದೇ ದಿನ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ನೆನಪಿಗೆ, ಬೆಂಗಳೂರಿನ ಕೋಟೆಯ ಹತ್ತಿರ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಒಂದು ಆಸ್ಪತ್ರೆಗೆ ಅಡಿಗಲ್ಲಿಟ್ಟಿದ್ದರು. 1900ರ ಡಿಸೆಂಬರಿನಲ್ಲಿ ತೆರೆದ ಆ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲಲ್ಲಿ ಇಂದಿಗೂ ಬಡವರ ಸಾಲು ಕರಗಿಲ್ಲ. ಪೀಡೆಯ ಕಾಲದಲ್ಲಿ ಸರ್ಕಾರದ ಕೈ ಹೊಡೆಯಲೂ ಬಲ್ಲದು, ಹಿಡಿದೆತ್ತಲೂ ಬಲ್ಲದು.

ಆ ಕೈ ಮಣ್ಣಿನ ಮೇಲೆ ಎಳೆದ ಗೆರೆಗಳೇ ಮಲ್ಲೇಶ್ವರ, ಬಸವನಗುಡಿ. ಇವುಗಳ ಯೋಚನೆ ಪ್ಲೇಗಿಗೆ ಮೊದಲೇ ಮೊಳೆತಿತ್ತು. ಪ್ಲೇಗು ಅದಕ್ಕೆ ಅವಸರ ತಂದಿತು. ನೇರವಾದ ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಗಾಳಿಗೆ ಜಾಗ, ಮುಂದೆ ಕೈತೋಟ, ಹಿಂದೆ ಹಿತ್ತಿಲು. ದಂಡಿನ (ಕಂಟೋನ್ಮೆಂಟಿನ) ಕಡೆ ಫ್ರೇಜರ್ ಟೌನ್ ಹುಟ್ಟಿದ್ದೂ ಇದೇ ಭಯದಿಂದಲೇ. ನಾವು ಬಸವನಗುಡಿಯ ತಂಪು ಎಂದು ಮೆಚ್ಚುವುದರಲ್ಲಿ ಸತ್ತವರ ಪಾಲೂ ಇದೆ.

ಆ ಗಾಳಿ ಬೆಳಕು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ. ನಿವೇಶನ ಕೊಳ್ಳಲಾರದವರು ಪೇಟೆಯ ಇಕ್ಕಟ್ಟಿನಲ್ಲೇ ಉಳಿದರು. ಹೊಸ ಬಡಾವಣೆಯ ಹೊಲಸನ್ನು ಹೊರಲು ಮುಂಬಾಗಿಲಿಗೆ ಬರಬಾರದ ಮನುಷ್ಯರು ಬೇಕಾಗಿದ್ದರು. ಅವರಿಗಾಗಿ ಈ ಹಿಂದಿನ ಓಣಿ, ಆ ಕಿಂಡಿ. ಕಿಂಡಿಯಿಂದ ಮಲದ ಡಬ್ಬ ಎಳೆದು ತಲೆಯ ಮೇಲೆ ಹೊತ್ತು ನಡೆದವರ ಹೆಸರು ಯಾವ ಅಡ್ಡರಸ್ತೆಗೂ ಇಲ್ಲ. ಊರಿನ ಆರೋಗ್ಯ ನಿಂತದ್ದು ಅವರ ಬೆನ್ನಿನ ಮೇಲೆ.

ಜನ ಪ್ಲೇಗಿನ ನೆನಪನ್ನು ಬೇರೆ ಕಡೆ ಇಟ್ಟುಕೊಂಡರು. ನಗರದಲ್ಲಿ ಪ್ಲೇಗಮ್ಮನ ಗುಡಿಗಳಿವೆ. ಪರದೇಶದ ರೋಗದ ಹೆಸರಿಗೆ ‘ಅಮ್ಮ’ ಸೇರಿಸಿ, ಅರಿಸಿನ ಹಚ್ಚಿ, ಬೇವಿನ ಸೊಪ್ಪು ಕಟ್ಟಿ, ತಂಪಾಗಿರು ತಾಯಿ ಎಂದು ಮೊಸರನ್ನ ಎಡೆಯಿಟ್ಟರು.

ಓಣಿಯ ತುದಿಯಲ್ಲಿ ತಳ್ಳುಗಾಡಿಯ ಸದ್ದು. ಹಸಿರು ಕೋಟಿನ ಪೌರಕಾರ್ಮಿಕ ಹೆಂಗಸು ಪೊರಕೆ ಹಿಡಿದು ಬಂದಳು. ಮಾವಿನೆಲೆ ಗುಡಿಸಿ ರಾಶಿ ಮಾಡಿ, ಸುತ್ತಿ ಬಂದು ಮುಂಬಾಗಿಲಲ್ಲೇ ನಿಂತು ಕೂಗಿದಳು: “ಅಮ್ಮಾ, ಕಸ! ಹಸಿ ಕಸ ಬೇರೆ ಕೊಡಿ.” ಒಳಗಿಂದ ಬಂದ ಹಿರಿಯಾಕೆ ಬಕೆಟ್ಟು ಕೊಟ್ಟು, “ಕಾಫಿ ಕುಡಿದು ಹೋಗವ್ವಾ” ಅಂದರು. ಕಾಫಿ ಬಂತು, ಕಾಗದದ ಲೋಟದಲ್ಲಿ. ಮನೆಯ ಲೋಟಗಳು ಒಳಗೇ ಇದ್ದವು. ಕಿಂಡಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಓಣಿ ಇನ್ನೂ ಪೂರ್ತಿ ಮುಗಿದಿಲ್ಲ.