ರಕೂನಿಗೆ ಹತ್ತು ದಿನದ ಲೆಕ್ಕ ನಡೆಯದು

ಮಕ್ಕಳ ಮನೆಗೆಂದು ನ್ಯೂಜೆರ್ಸಿಗೋ ವರ್ಜೀನಿಯಾಕ್ಕೋ ಹೋಗಿಬಂದವರಲ್ಲಿ ಹಲವರು ಅದನ್ನು ಕಂಡಿರುತ್ತಾರೆ. ರಾತ್ರಿ ಹಿತ್ತಲಲ್ಲಿ ಸದ್ದು. ದೀಪ ಹಾಕಿದರೆ ಕಸದ ಡಬ್ಬಿಯ ಮೇಲೆ ಬೆಕ್ಕಿಗಿಂತ ದೊಡ್ಡದೊಂದು ಪ್ರಾಣಿ, ರಕೂನ್; ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬ ಉಂಗುರ. ಮುಂಗಾಲಿನ ಐದು ಬೆರಳುಗಳಿಂದ ಮುಚ್ಚಳ ಸರಿಸಿ ತಡಕಾಡುವುದನ್ನು ನೋಡಿದರೆ ಒಂದು ತುಂಡು ಚಪಾತಿ ಹಾಕೋಣ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ, ಅದಕ್ಕೆ ರೇಬಿಸ್ ಇರಬಹುದು.

ರೇಬಿಸ್ ಎಂದರೆ ನಮಗೆ ನೆನಪಾಗುವುದು ನಾಯಿ. ನಮ್ಮ ನಾಡಿನ ಮಟ್ಟಿಗೆ ಅದು ಸರಿಯೇ. ಅಮೆರಿಕದಲ್ಲಿ ಮಾತ್ರ ನಾಯಿಯಿಂದ ನಾಯಿಗೆ ಹರಡುವ ವೈರಸ್ ತಳಿ ಅಳಿದಿದೆಯೆಂದು 2007ರಲ್ಲೇ ಘೋಷಿಸಿದ್ದಾರೆ. ಅಲ್ಲೀಗ ರೋಗ ಪತ್ತೆಯಾಗುವ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಾಡಿನವು: ಬಾವಲಿ, ರಕೂನ್, ಸ್ಕಂಕ್, ನರಿ. ರಕೂನ್‌ಗಳಲ್ಲಿ ಹರಡುವ ವೈರಸ್ ತಳಿ ಮೊದಲು ಫ್ಲೋರಿಡಾದ ಆಸುಪಾಸಿನಲ್ಲಿತ್ತು. 1970ರ ದಶಕದ ಕೊನೆಗೆ, ಬೇಟೆಗೆಂದು ಸಾಗಿಸಿದ ರಕೂನ್‌ಗಳ ಜತೆ ವರ್ಜೀನಿಯಾ ಕಡೆಗೆ ಬಂದು, ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿತು. ಅದು ಪಶ್ಚಿಮಕ್ಕೆ ದಾಟದಂತೆ ಈಗಲೂ ವಿಮಾನಗಳಿಂದ ಲಸಿಕೆ ತುಂಬಿದ, ಮೀನಿನ ವಾಸನೆಯ ತುತ್ತುಗಳನ್ನು ಕಾಡಿಗೆ ಉದುರಿಸುತ್ತಾರೆ.

ವೈರಸ್ ಇರುವುದು ಜೊಲ್ಲಿನಲ್ಲಿ. ಕಚ್ಚಿದ ಗಾಯದಿಂದ ಒಳಹೊಕ್ಕು, ನರದ ಗುಂಟ ನಿಧಾನವಾಗಿ ಮೆದುಳಿನತ್ತ ಸಾಗುತ್ತದೆ. ಮನುಷ್ಯರಲ್ಲಿ ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ನಮ್ಮನ್ನು ಉಳಿಸುವುದು ಆ ಬಿಡುವೇ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಬೆರಳೆಣಿಕೆಯಷ್ಟು.

ನಮ್ಮವರು ಎಡವುವುದು ಇಲ್ಲಿ. ಕಚ್ಚಿದ ನಾಯಿಯನ್ನೋ ಬೆಕ್ಕನ್ನೋ ಹತ್ತು ದಿನ ಗಮನಿಸಬೇಕು ಎಂಬ ಮಾತು ಎಲ್ಲರಿಗೂ ಗೊತ್ತು. ಅವುಗಳ ಜೊಲ್ಲಿಗೆ ವೈರಸ್ ಬಂದ ಕೆಲವೇ ದಿನಗಳಲ್ಲಿ ಅವು ಕಾಯಿಲೆ ಬಿದ್ದು ಸಾಯುತ್ತವೆ. ಹತ್ತು ದಿನ ಚೆನ್ನಾಗಿದ್ದರೆ ಕಚ್ಚಿದಾಗ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. (ಹಾಗೆಂದು ನಮ್ಮೂರಲ್ಲಿ ಲಸಿಕೆಗೆ ಹತ್ತು ದಿನ ಕಾಯುವಂತಿಲ್ಲ.) ಕಾಡುಪ್ರಾಣಿಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಚ್ಚಿದ ರಕೂನ್ ಸಿಕ್ಕರೆ ಅದರ ಮೆದುಳನ್ನು ಪರೀಕ್ಷಿಸಬೇಕು. ಸಿಗದಿದ್ದರೆ ರೋಗವಿತ್ತೆಂದೇ ಭಾವಿಸಿ ಚಿಕಿತ್ಸೆ ಶುರುಮಾಡಬೇಕು. ಹಗಲಲ್ಲಿ ಓಡಾಡಿತೆಂದ ಮಾತ್ರಕ್ಕೆ ಅದಕ್ಕೆ ಹುಚ್ಚು ಹಿಡಿದಿಲ್ಲ, ಮರಿಯಿರುವ ತಾಯಿ ಹಗಲಲ್ಲೂ ಆಹಾರ ಹುಡುಕುತ್ತದೆ. ತೂರಾಡುತ್ತಿದ್ದರೆ, ಭಯವಿಲ್ಲದೆ ಮೈಮೇಲೆ ಬಂದರೆ ಮನೆಯೊಳಗೆ ಹೋಗಿ. ಅಳಿಲು, ಇಲಿಗಳಿಂದ ಅಪಾಯ ಇಲ್ಲವೆನ್ನುವಷ್ಟು ಕಡಿಮೆ.

ನನಗೆ ಹೆಚ್ಚು ಭಯ ಬಾವಲಿಯದು. ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಜನರೂ ರೇಬಿಸ್‌ನಿಂದ ಸಾಯುವುದಿಲ್ಲ. ಸಾಯುವವರಲ್ಲಿ ಹೆಚ್ಚಿನವರಿಗೆ ರೋಗ ಬಂದದ್ದು ಬಾವಲಿಯಿಂದ. ಅದರ ಹಲ್ಲು ಎಷ್ಟು ಸಣ್ಣವೆಂದರೆ ಗಾಯ ಸೂಜಿ ಚುಚ್ಚಿದಂತಿರುತ್ತದೆ, ನಿದ್ದೆಯಲ್ಲಿದ್ದವರಿಗೆ ಎಚ್ಚರವೂ ಆಗದಿರಬಹುದು. ಬೆಳಗ್ಗೆ ಮಗು ಮಲಗಿದ್ದ ಕೋಣೆಯಲ್ಲಿ ಬಾವಲಿ ಕಂಡರೆ ಕಿಟಕಿ ತೆಗೆದು ಓಡಿಸಬೇಡಿ. ಬರಿಗೈಯಲ್ಲಿ ಮುಟ್ಟದೆ, ಬಾಗಿಲು ಹಾಕಿ ಸ್ಥಳೀಯ ಆರೋಗ್ಯ ಇಲಾಖೆಗೆ ಫೋನ್ ಮಾಡಿ. ಅದರ ಮೆದುಳನ್ನೂ ಪರೀಕ್ಷಿಸಬೇಕು, ತಲೆ ಜಜ್ಜಿದರೆ ಅದು ಸಾಧ್ಯವಾಗದು.

ಗಾಯವಾದರೆ ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳು) ಚುಚ್ಚುತ್ತಾರೆ. ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7, 14ನೇ ದಿನ ತೋಳಿಗೆ ಕೊಡುತ್ತಾರೆ. ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್ ಎಂಬುದು ಹಳೆಯ ಕಾಲದ ಮಾತು. ಖರ್ಚು ಸಾವಿರಾರು ಡಾಲರ್ ಆಗಬಹುದು, ನಿಜ. ಆದರೂ ಊರಿಗೆ ಮರಳಿದ ಮೇಲೆ ತೋರಿಸೋಣ ಎಂದು ಮುಂದೂಡಬೇಡಿ, ಅಂದೇ ಹೋಗಿ.