ಅಂಗಡಿಯ ಜಾಲತಾಣವೂ ವಿಕಲಚೇತನ ಗ್ರಾಹಕರೂ

ಪೇಟೆಯ ಅಂಗಡಿಗೆ ಹೋದ ಅಂಧ ಗ್ರಾಹಕರಿಗೆ ಅಲ್ಲಿ ಎರಡು ಆಧಾರಗಳಿರುತ್ತವೆ: ಒಂದು ತಮ್ಮ ಕೈ, ಇನ್ನೊಂದು ಅಂಗಡಿಕಾರನ ಬಾಯಿ. ಬಟ್ಟೆಯ ನವಿರನ್ನು ಬೆರಳು ತಿಳಿಸುತ್ತದೆ. ಬಣ್ಣವನ್ನೂ ಬೆಲೆಯನ್ನೂ ಅಂಗಡಿಕಾರನು ಹೇಳುತ್ತಾನೆ. ಅದೇ ಅಂಗಡಿಯು ಗಣಕದ ಅಥವಾ ಮೊಬೈಲಿನ ಪರದೆಯ ಮೇಲೆ ತೆರೆದುಕೊಂಡಾಗ ಈ ಎರಡು ಆಧಾರಗಳೂ ತಪ್ಪಿಹೋಗುತ್ತವೆ. ಗಾಜನ್ನು ಸವರಿದರೆ ನೇಯ್ಗೆ ತಿಳಿಯದು, ಕೇಳಿದರೆ ಉತ್ತರಿಸುವವರಿಲ್ಲ. ಆದರೆ ಈ ಪರದೆಯ ಅಂಗಡಿಯನ್ನು ಸರಿಯಾಗಿ ಕಟ್ಟಿದ ಪಕ್ಷದಲ್ಲಿ, ಪೇಟೆಯ ಅಂಗಡಿಯು ಸುಲಭವಾಗಿ ಕೊಡಲಾರದ ಒಂದು ಸೌಲಭ್ಯವನ್ನು ಅದು ಕೊಡಬಲ್ಲದು. ಜೊತೆಗಾರರಿಲ್ಲದೆ, ರಸ್ತೆ ದಾಟದೆ, ತಮಗೆ ಬೇಕಾದುದನ್ನು ತಾವೇ ಆರಿಸಿ ತಾವೇ ಹಣ ತೆರುವ ಸ್ವಾತಂತ್ರ್ಯವೇ ಆ ಸೌಲಭ್ಯ. ಈ ಎರಡು ಸ್ಥಿತಿಗಳಲ್ಲಿ ಯಾವುದು ಒದಗುವುದೆಂಬುದು ಗ್ರಾಹಕರ ಕಣ್ಣಿಗಿಂತ ಹೆಚ್ಚಾಗಿ ಜಾಲತಾಣವನ್ನು ಕಟ್ಟಿದ ರೀತಿಯನ್ನು ಅವಲಂಬಿಸಿದೆ. ಇದನ್ನು ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಕಣ್ಣು ಕಾಣದವರು ಪರದೆಯನ್ನು ಓದುವ ಬಗೆಯನ್ನು ಮೊದಲು ತಿಳಿಯುವುದು ಅವಶ್ಯಕ. ಇದಕ್ಕಾಗಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವಿದೆ. ಅದು ಪರದೆಯ ಮೇಲಿನ ಮಾತನ್ನು ಧ್ವನಿಯಲ್ಲಿ ಓದಿ ಹೇಳುತ್ತದೆ; ಬೇಕಾದಲ್ಲಿ ಬ್ರೈಲ್ ಫಲಕದ ಮೇಲೆ ಚುಕ್ಕೆಗಳಾಗಿಯೂ ಮೂಡಿಸುತ್ತದೆ. ಇವುಗಳಲ್ಲಿ ಜಾಸ್ ಎಂಬುದನ್ನು ಬೆಲೆ ಕೊಟ್ಟು ಕೊಳ್ಳಬೇಕು. ಆಸ್ಟ್ರೇಲಿಯದಲ್ಲಿ ೨೦೦೬ರಲ್ಲಿ ಆರಂಭವಾದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನುಗಳಲ್ಲಿ ವಾಯ್ಸ್‌ಓವರ್ ಎಂಬ ಹೆಸರಿನಿಂದ ಇದೇ ಸೌಕರ್ಯವಿದೆ.

ಈ ತಂತ್ರಾಂಶವು ಮುಖ್ಯವಾಗಿ ಓದುವುದು ಪುಟದ ಹಿಂದೆ ನಿರ್ಮಾಪಕನು ಬರೆದಿಟ್ಟ ಸಂಕೇತಗಳನ್ನು. ಚಿತ್ರವೊಂದಿದ್ದರೆ, ಆ ಚಿತ್ರವೇನೆಂದು ಅಲ್ಲಿ ಮಾತಿನಲ್ಲಿ ಬರೆದಿರಬೇಕು. ಇದಕ್ಕೆ ಪರ್ಯಾಯ ಪಠ್ಯವೆಂದು ಹೆಸರು. ಅದನ್ನು ಬರೆಯದೆ ಬಿಟ್ಟರೆ ಸೀರೆಯ ಚಿತ್ರದ ಬದಲು ಕಡತದ ಹೆಸರಿನ ಅಕ್ಷರಗಳೂ ಅಂಕಿಗಳೂ ಕಿವಿಗೆ ಬೀಳುತ್ತವೆ. ಹೆಸರಿಡದ ಗುಂಡಿಗಳು ಸಾಲಾಗಿದ್ದರೆ ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುತ್ತದೆ. ಮಾಲೆಲ್ಲವೂ ಇದ್ದು ಯಾವ ಡಬ್ಬಿಯ ಮೇಲೂ ಚೀಟಿಯಿಲ್ಲದ ದಿನಸಿ ಅಂಗಡಿಗೆ ಇದನ್ನು ಹೋಲಿಸಬಹುದು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ಊಹಿಸಿ ವರ್ಣಿಸುವ ಅನುಕೂಲವೂ ಬಂದಿದೆ. ಆದರೆ ಊಹೆಯನ್ನು ನೆಚ್ಚಿ ಹಣ ತೆರುವುದು ಕಷ್ಟ.

ಇಂತಹ ಹೆಸರಿಲ್ಲದ ಗುಂಡಿಯು ಹಣ ತೆರುವ ಕಡೆಯ ಪುಟದಲ್ಲಿ ಎದುರಾಯಿತೆಂದು ಭಾವಿಸೋಣ. ಅಲ್ಲಿಯವರೆಗೆ ಅರ್ಧ ಗಂಟೆ ಶ್ರಮಪಟ್ಟು ಬಂದ ಗ್ರಾಹಕರು ಮಗನನ್ನೋ ನೆರೆಮನೆಯವರನ್ನೋ ಕರೆಯಬೇಕಾಗುತ್ತದೆ. ಆಗ ಅವರಿಗೆ ಕಾರ್ಡಿನ ಸಂಖ್ಯೆಯನ್ನೂ ಒಟಿಪಿಯನ್ನೂ ಹೇಳದೆ ಗತ್ಯಂತರವಿಲ್ಲ. ಯಾರಿಗೂ ಹೇಳಬೇಡಿರೆಂದು ಬ್ಯಾಂಕುಗಳು ಮತ್ತೆ ಮತ್ತೆ ಎಚ್ಚರಿಸುವ ಅಂಕಿಗಳು ಇವೇ. ಕೊಳ್ಳುವ ವಸ್ತುವು ಔಷಧಿಯೋ ಒಳಉಡುಪೋ ಆದಲ್ಲಿ ಸಂಕೋಚವೂ ಸೇರುತ್ತದೆ. ಆದಕಾರಣ ಇಲ್ಲಿ ನಷ್ಟವಾಗುವುದು ಒಂದು ವ್ಯಾಪಾರ ಮಾತ್ರವೆಂದು ತಿಳಿಯಲಾಗದು; ಪ್ರಾಯಕ್ಕೆ ಬಂದ ವ್ಯಕ್ತಿಯೊಬ್ಬರು ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ ಹಕ್ಕೂ ಅದರೊಡನೆ ಹೋಗುತ್ತದೆ.

೨

ಈ ಪ್ರಶ್ನೆಯು ನ್ಯಾಯಾಲಯದ ಮುಂದೆ ಸ್ಪಷ್ಟವಾಗಿ ಬಂದ ಪ್ರಸಿದ್ಧ ಮೊಕದ್ದಮೆಯೊಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ನಡೆಯಿತು. ೨೦೦೬ರಲ್ಲಿ ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟವೂ ಒಬ್ಬ ಅಂಧ ವಿದ್ಯಾರ್ಥಿಯೂ ಸೇರಿ, ದೇಶಾದ್ಯಂತ ಮಳಿಗೆಗಳುಳ್ಳ ಟಾರ್ಗೆಟ್ ಎಂಬ ವರ್ತಕಸಂಸ್ಥೆಯ ಮೇಲೆ ದಾವೆ ಹೂಡಿದರು. ಜಾಲತಾಣದ ಚಿತ್ರಗಳಿಗೆ ಪರ್ಯಾಯ ಪಠ್ಯವಿಲ್ಲ, ಮೌಸ್ ಇಲ್ಲದೆ ಕೀಲಿಮಣೆಯೊಂದರಿಂದಲೇ ಖರೀದಿಯನ್ನು ಮುಗಿಸಲಾಗದು ಎಂಬವು ಅವರ ಮುಖ್ಯ ಆಕ್ಷೇಪಗಳು. ತೆರೆಯ ಮೇಲಿನ ಬಾಣವನ್ನು ಕಣ್ಣಿಂದ ಹಿಂಬಾಲಿಸಲಾಗದವರಿಗೆ ಮೌಸ್ ನಿರುಪಯೋಗಿಯೆಂಬುದನ್ನು ಇಲ್ಲಿ ನೆನೆಯಬೇಕು.

೧೯೯೦ರ ಅಮೆರಿಕದ ವಿಕಲಚೇತನರ ಕಾಯಿದೆಯು ಕಟ್ಟಡಗಳಂತಹ ಭೌತಿಕ ಸ್ಥಳಗಳಿಗೆ ಅನ್ವಯಿಸುವುದೇ ಹೊರತು ಜಾಲತಾಣಕ್ಕಲ್ಲವೆಂದು ಪ್ರತಿವಾದಿಗಳು ವಾದಿಸಿದರು. ದಾವೆಯನ್ನು ವಜಾ ಮಾಡಬೇಕೆಂಬ ಅವರ ಕೋರಿಕೆಯನ್ನು ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಅವರು ೨೦೦೬ರ ಸೆಪ್ಟೆಂಬರಿನಲ್ಲಿ ಬಹುಮಟ್ಟಿಗೆ ತಳ್ಳಿಹಾಕಿದರು. ಜಾಲತಾಣವು ಮಳಿಗೆಯ ಸರಕು ಸೇವೆಗಳಿಗೆ ದಾರಿಯಾಗಿರುವಾಗ, ಆ ದಾರಿಯಲ್ಲಿನ ಅಡ್ಡಿಯು ಮಳಿಗೆಯ ಸೇವೆಗೇ ಅಡ್ಡಿಯಾಗಬಲ್ಲದೆಂಬುದು ಅವರ ನಿರ್ಣಯದ ಸಾರ. ೨೦೦೮ರ ಆಗಸ್ಟಿನಲ್ಲಿ ರಾಜಿಯಾಯಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆಯೇ ೬೦ ಲಕ್ಷ ಡಾಲರುಗಳ ಪರಿಹಾರನಿಧಿಯನ್ನು ಇಟ್ಟಿತು; ಜಾಲತಾಣವನ್ನು ತಿದ್ದಲೂ, ಒಕ್ಕೂಟದವರಿಂದ ಅದನ್ನು ಪರೀಕ್ಷೆಗೊಳಪಡಿಸಲೂ ಸಮ್ಮತಿಸಿತು.

ಈ ನಿರ್ಣಯಕ್ಕೆ ಒಂದು ಮಿತಿಯೂ ಇದ್ದಿತು. ಮಳಿಗೆಯೊಡನೆ ಸಂಬಂಧವಿರುವ ಮಟ್ಟಿಗೆ ಮಾತ್ರ ಅದು ಜಾಲತಾಣವನ್ನು ಒಳಗೊಂಡಿತು. ಇಟ್ಟಿಗೆಗಾರೆಯ ಮಳಿಗೆಯೇ ಇಲ್ಲದ ವರ್ತಕನ ವಿಷಯವು ಅಲ್ಲಿ ಬಗೆಹರಿಯಲಿಲ್ಲ. ನಮ್ಮ ದೇಶದ ಕಾಯಿದೆಯನ್ನು ನೋಡುವಾಗ ಈ ಭೇದವು ಉಪಯೋಗಕ್ಕೆ ಬರುವುದು.

೩

ಸುಗಮವಾದ ಜಾಲತಾಣವೆಂದರೆ ಯಾವುದೆಂಬುದಕ್ಕೆ ಸರ್ವಸಮ್ಮತವೆನ್ನಬಹುದಾದ ಅಳತೆಗೋಲು ಇದೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು ೧೯೯೯ರಲ್ಲಿ ಸುಗಮ್ಯತೆಯ ಮಾರ್ಗಸೂಚಿಯನ್ನು ಮೊದಲ ಬಾರಿಗೆ ಪ್ರಕಟಿಸಿತು. ೨೦೦೮ರಲ್ಲಿ ಅದರ ಎರಡನೆಯ ಆವೃತ್ತಿಯೂ, ೨೦೧೮ ಮತ್ತು ೨೦೨೩ರಲ್ಲಿ ಅದರ ಪರಿಷ್ಕೃತ ರೂಪಗಳೂ ಹೊರಬಂದವು. ಎ, ಎಎ, ಎಎಎ ಎಂಬ ಮೂರು ದರ್ಜೆಗಳಲ್ಲಿ ಸಾಮಾನ್ಯವಾಗಿ ಎಎ ದರ್ಜೆಯನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಇಡೀ ಮಾರ್ಗಸೂಚಿಯು ನಾಲ್ಕು ತತ್ತ್ವಗಳ ಮೇಲೆ ನಿಂತಿದೆ.

ಮೊದಲನೆಯದು ಗ್ರಹಣ. ‘ಸೀರೆ’ ಎಂಬೊಂದು ಮಾತು ಪರ್ಯಾಯ ಪಠ್ಯವಾಗಲಾರದು; ‘ಇಳಕಲ್ ಸೀರೆ, ಕಡುಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆಗಳು’ ಎಂದು ಬರೆದರೆ ಕೊಳ್ಳುವವರಿಗೆ ಆರಿಸಲು ಆಧಾರ ಸಿಕ್ಕಂತಾಯಿತು. ದೃಷ್ಟಿ ಮಂದವಾದವರಿಗಾಗಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತವು ೪.೫ಕ್ಕೆ ೧ರಷ್ಟಾದರೂ ಇರಬೇಕು. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರವಿದ್ದರೆ ಅದು ೨೧ಕ್ಕೆ ೧. ಬಿಳಿಯ ಮೇಲೆ ತಿಳಿಬೂದು ಅಕ್ಷರಗಳನ್ನು ಇಡುವ ಇಂದಿನ ಅಭಿರುಚಿಯು ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದರಿಂದ ತೊಂದರೆಗೊಳಗಾಗುವವರಲ್ಲಿ ವಯಸ್ಸಾದ ನಾವೂ ಸೇರಿದ್ದೇವೆ. ವಸ್ತು ಮುಗಿದಿದೆಯೆಂಬುದನ್ನು ಕೆಂಪು ಬಣ್ಣವೊಂದರಿಂದಲೇ ಸೂಚಿಸಿದರೆ ವರ್ಣಾಂಧರಿಗೆ ತಿಳಿಯದು. ಸರಕನ್ನು ಪರಿಚಯಿಸುವ ಚಲಚ್ಚಿತ್ರಕ್ಕೆ ಅಡಿಬರಹವಿಲ್ಲದಿದ್ದರೆ ಕಿವುಡರಿಗೆ ಅದು ಮೂಕಚಿತ್ರವೇ ಸರಿ.

ಎರಡನೆಯದು ಚಾಲನೆ. ಪ್ರತಿಯೊಂದು ಕೆಲಸವೂ ಕೀಲಿಮಣೆಯಿಂದ ಆಗುವಂತಿರಬೇಕು. ತಾನೀಗ ಯಾವ ಗುಂಡಿಯ ಮೇಲಿದ್ದೇನೆಂಬುದು ಕಾಣುವಂತಿರಬೇಕು. ಕೈ ನಡುಗುವವರ ಸಲುವಾಗಿ ೨೦೨೩ರ ಆವೃತ್ತಿಯು ಗುಂಡಿಯ ಕನಿಷ್ಠ ಅಳತೆಯನ್ನು ೨೪ ಪಿಕ್ಸೆಲ್‌ಗಳೆಂದು, ಕೆಲವು ವಿನಾಯಿತಿಗಳೊಡನೆ, ವಿಧಿಸಿದೆ. ಕಾಲಾವಧಿಯ ಕಟ್ಟಿದ್ದರೆ ಅದನ್ನು ವಿಸ್ತರಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರಬೇಕು. ಕೇಳಿ ಓದುವವರಿಗೆ ನೋಡಿ ಓದುವವರಿಗಿಂತ ಹೆಚ್ಚು ಹೊತ್ತು ಬೇಕು.

ಮೂರನೆಯದು ಅರ್ಥ. ವಿಳಾಸ ತುಂಬುವಾಗ ತಪ್ಪಾದರೆ ಚೌಕವನ್ನು ಕೆಂಪು ಮಾಡಿ ಸುಮ್ಮನಾಗದೆ, ‘ಪಿನ್‌ಕೋಡಿನಲ್ಲಿ ಆರು ಅಂಕಿಗಳಿರಬೇಕು’ ಎಂದು ಮಾತಿನಲ್ಲಿ ತಿಳಿಸಬೇಕು. ಸೊಟ್ಟ ಅಕ್ಷರಗಳ ಚಿತ್ರವನ್ನು ಗುರುತಿಸಿ ತಾನು ಮನುಷ್ಯನೆಂದು ಸಾಬೀತುಪಡಿಸಬೇಕೆಂಬ ಕ್ಯಾಪ್ಚಾ ಪರೀಕ್ಷೆಯು, ಅನ್ಯಮಾರ್ಗವಿಲ್ಲದಿದ್ದಲ್ಲಿ, ಅಂಧರನ್ನು ಮನುಷ್ಯರ ಪಟ್ಟಿಯಿಂದಲೇ ಹೊರಗಿಡುತ್ತದೆ.

ನಾಲ್ಕನೆಯದು ದೃಢತೆ. ಪುಟವನ್ನು ಪ್ರಮಾಣಬದ್ಧ ಸಂಕೇತಗಳಲ್ಲಿ ಬರೆದಿದ್ದರೆ ಬೇರೆ ಬೇರೆ ಸಾಧನಗಳೂ ಅದನ್ನು ಓದಬಲ್ಲವು. ವಸ್ತುವು ಚೀಲಕ್ಕೆ ಸೇರಿತೆಂಬ ಸಂಗತಿಯು ಮೂಲೆಯ ಅಂಕಿಯೊಂದರ ಬದಲಾವಣೆಯಾಗಿ ಉಳಿಯದೆ ಧ್ವನಿಯಲ್ಲೂ ಕೇಳಿಬರಬೇಕು.

೪

ಭಾರತದ ೨೦೧೧ರ ಜನಗಣತಿಯು ೨.೬೮ ಕೋಟಿ ವಿಕಲಚೇತನರನ್ನು ದಾಖಲಿಸಿತು. ಅವರಲ್ಲಿ ಚಲನೆಯ ತೊಂದರೆಯುಳ್ಳವರು ಸುಮಾರು ೫೪ ಲಕ್ಷ. ದೃಷ್ಟಿ ಮತ್ತು ಶ್ರವಣದ ತೊಂದರೆಯುಳ್ಳವರು ತಲಾ ಸುಮಾರು ೫೦ ಲಕ್ಷ. ೨೦೧೬ರಲ್ಲಿ ಅಂಗೀಕೃತವಾಗಿ ೨೦೧೭ರ ಏಪ್ರಿಲಿನಲ್ಲಿ ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮವು ‘ಸಾರ್ವಜನಿಕ ಸೌಕರ್ಯ ಮತ್ತು ಸೇವೆ’ಗಳ ಅರ್ಥವಿವರಣೆಯಲ್ಲಿ ಖರೀದಿ-ಮಾರಾಟಗಳನ್ನೂ ಹೆಸರಿಸಿದೆ. ಅದರ ೪೬ನೆಯ ಪ್ರಕರಣವು ಸುಗಮ್ಯತೆಯ ನಿಯಮಗಳನ್ನು ಸರಕಾರಿ ಮತ್ತು ಖಾಸಗಿ ಸೇವಾದಾರರಿಬ್ಬರಿಗೂ ಅನ್ವಯಿಸಿ, ನಿಯಮಗಳು ಪ್ರಕಟವಾದಂದಿನಿಂದ ಎರಡು ವರ್ಷಗಳ ಗಡುವನ್ನು ಇಟ್ಟಿದೆ. ಕ್ಯಾಲಿಫೋರ್ನಿಯದ ನಿರ್ಣಯದಲ್ಲಿದ್ದ, ಮಳಿಗೆಯ ಸಂಬಂಧವಿರಬೇಕೆಂಬ ಕಟ್ಟನ್ನು ಈ ಪ್ರಕರಣವು ಹಾಕುವುದಿಲ್ಲ. ಭಾರತೀಯ ಮಾನಕ ಸಂಸ್ಥೆಯೂ ೨೦೨೧ ಮತ್ತು ೨೦೨೨ರಲ್ಲಿ ಐಎಸ್ ೧೭೮೦೨ ಎಂಬ ಮಾನಕವನ್ನು ಎರಡು ಭಾಗಗಳಲ್ಲಿ ಹೊರತಂದಿತು.

ಕಾಯಿದೆಯ ಮಾತು ಕಟ್ಟುನಿಟ್ಟಾಗಿದ್ದರೂ ಅದರಡಿಯ ೨೦೧೭ರ ನಿಯಮವು ಸಡಿಲವಾಗಿದ್ದಿತು. ೨೦೨೪ರ ನವೆಂಬರ್ ೮ರಂದು ರಾಜೀವ್ ರತೂರಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ನಿಯಮದ ೧೫ನೆಯ ಕಲಮು ಸಲಹೆಯ ರೂಪದ ಮಾರ್ಗಸೂಚಿಗಳಲ್ಲೇ ನಿಂತಿರುವುದರಿಂದ ಮೂಲ ಕಾಯಿದೆಗೆ ವಿರುದ್ಧವೆಂದು ತೀರ್ಮಾನಿಸಿ, ಕಡ್ಡಾಯವಾದ ನಿಯಮಗಳನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೆ ಆದೇಶಿಸಿತು. ೨೦೨೫ರ ಏಪ್ರಿಲ್ ೩೦ರಂದು ಪ್ರಜ್ಞಾ ಪ್ರಸೂನ್ ಮೊಕದ್ದಮೆಯ ತೀರ್ಪು ಬಂದಿತು. ಗುರುತು ದೃಢಪಡಿಸಲು ಕಣ್ಣು ಮಿಟುಕಿಸಬೇಕೆಂಬ ನಿಬಂಧನೆಯಿಂದ, ಆಮ್ಲದಾಳಿಗೆ ತುತ್ತಾಗಿ ಕಣ್ಣು ಮಿಟುಕಿಸಲಾಗದವರು ಸೇವೆಯಿಂದ ವಂಚಿತರಾದುದು ಅದರ ಹಿನ್ನೆಲೆ. ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ನ್ಯಾಯಾಲಯವು ಅಲ್ಲಿ ಹೇಳಿತು.

೫

ಕನ್ನಡದ ಮಟ್ಟಿಗೆ ಇನ್ನೊಂದು ಅಡ್ಡಿಯುಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಢಿಯಲ್ಲಿದ್ದ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಕಣ್ಣಿಗೆ ಅದು ಕನ್ನಡ. ಸ್ಕ್ರೀನ್ ರೀಡರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇಂತಹ ಲಿಪಿಯಲ್ಲಿರುವ ಪುಟವನ್ನೂ, ಚಿತ್ರವಾಗಿ ತೆಗೆದಿಟ್ಟ ಮುದ್ರಿತ ಪುಟವನ್ನೂ ಅದು ಇದ್ದಂತೆಯೇ ಓದಲಾರದು. ಯೂನಿಕೋಡಿನಲ್ಲಿ ಬರೆದು, ಈ ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ಸೂಚಿಸಿದರೆ, ಎನ್‌ವಿಡಿಎಯೊಡನೆ ಉಚಿತವಾಗಿಯೇ ಬರುವ ಧ್ವನಿಯು ಕನ್ನಡವನ್ನು ಕನ್ನಡವಾಗಿ ಓದುತ್ತದೆ. ಆ ಧ್ವನಿಯಲ್ಲಿ ಯಂತ್ರದ ಬಿರುಸಿದ್ದರೂ ಮಾತು ತಿಳಿಯುತ್ತದೆ.

ಹೊರನಾಡಿನ ಕನ್ನಡ ಸಂಘಗಳು ತಮ್ಮ ಪ್ರಕಟಣೆಗಳನ್ನು ಜಾಲತಾಣದ ಮೂಲಕ ಮಾರುವುದಾದರೆ ಮೇಲಿನ ಮಾತುಗಳೆಲ್ಲ ನಮಗೂ ಅನ್ವಯಿಸುತ್ತವೆ. ಊರಿನಿಂದ ದೂರವಿದ್ದು, ಹತ್ತಿರದಲ್ಲಿ ಕನ್ನಡ ಪುಸ್ತಕದ ಅಂಗಡಿಯಿಲ್ಲದ ಅಂಧ ವಾಚಕರಿಗೆ ಆ ಪಟ್ಟಿಯೊಂದೇ ದಾರಿಯಾಗಿರಬಹುದು. ಪುಸ್ತಕದ ಹೆಸರು, ಲೇಖಕರು, ಬೆಲೆ ಇವು ರಕ್ಷಾಪುಟದ ಚಿತ್ರದೊಳಗೇ ಉಳಿದರೆ ಆ ದಾರಿಯೂ ಮುಚ್ಚಿದಂತೆ.

ಸುಲಭೋಪಾಯಗಳ ವಿಷಯದಲ್ಲಿ ಎಚ್ಚರವಿರಬೇಕು. ಒಂದೇ ಸಾಲಿನ ಸಂಕೇತವನ್ನು ಸೇರಿಸಿದರೆ ಜಾಲತಾಣವು ತಾನಾಗಿ ಸುಗಮವಾಗುವುದೆಂಬ ಭರವಸೆಯೊಡನೆ ಮಾರಾಟವಾಗುವ ತಂತ್ರಾಂಶಗಳಿವೆ. ಇಂತಹ ಭರವಸೆಯಿಂದ ಗ್ರಾಹಕರನ್ನು ದಾರಿತಪ್ಪಿಸಿದ ಆರೋಪದ ಮೇಲೆ ಒಂದು ಸಂಸ್ಥೆಯು ಹತ್ತು ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೨೫ರಲ್ಲಿ ಆಜ್ಞಾಪಿಸಿತು. ಪರ್ಯಾಯ ಪಠ್ಯವನ್ನು ಸರಕನ್ನು ಬಲ್ಲವರೇ ಬರೆಯಬೇಕು. ಗುಂಡಿಗೆ ಹೆಸರಿಡುವ ಕೆಲಸವು ಕಟ್ಟುವಾಗಲೇ ಆಗಬೇಕು. ಮೆಟ್ಟಿಲ ಪಕ್ಕದ ಇಳಿಜಾರನ್ನು ಮನೆ ಕಟ್ಟುವಾಗ ಮಾಡಿದರೆ ಅಲ್ಪವೆಚ್ಚ. ಕಟ್ಟಿ ಮುಗಿದ ಮೇಲೆ ಒಡೆದು ಮಾಡಿದರೆ ಅದು ಹಲವು ಪಾಲು ಹೆಚ್ಚುತ್ತದೆ.

ಕೊನೆಯ ಪರೀಕ್ಷೆಯು ಸರಳವಾದುದು. ಮೌಸನ್ನು ಬದಿಗಿಟ್ಟು, ಪರದೆಯನ್ನು ಆರಿಸಿ, ಸ್ಕ್ರೀನ್ ರೀಡರಿನ ಧ್ವನಿಯೊಂದನ್ನೇ ನೆಚ್ಚಿ, ತಮ್ಮ ಜಾಲತಾಣದಿಂದ ಒಂದು ಪುಸ್ತಕವನ್ನು ಕೊಳ್ಳಲು ಸಂಘದ ಕಾರ್ಯದರ್ಶಿಗಳು ಒಮ್ಮೆ ಪ್ರಯತ್ನಿಸಲಿ. ತದನಂತರ ನಿತ್ಯವೂ ಹಾಗೆಯೇ ಬಳಸುವ ಅಂಧ ಸದಸ್ಯರೊಬ್ಬರನ್ನು ಕರೆದು, ತಕ್ಕ ಸಂಭಾವನೆಯಿತ್ತು, ಅದೇ ಕೆಲಸವನ್ನು ಅವರ ಕೈಯಿಂದ ಮಾಡಿಸಲಿ. ಹುಡುಕುವುದರಿಂದ ಹಿಡಿದು ರಸೀದಿ ಬರುವವರೆಗೆ ಅವರು ಯಾರನ್ನೂ ನೆರವಿಗೆ ಕರೆಯದೆ ಮುಗಿಸಿದರೆ ಅಂಗಡಿಯ ಬಾಗಿಲು ತೆರೆದಿದೆಯೆಂದು ನಂಬಬಹುದು. ಎಲ್ಲಿ ಅವರು ನಿಲ್ಲುವರೋ ಅಲ್ಲಿಂದ ತಿದ್ದುವ ಕೆಲಸವನ್ನು ಆರಂಭಿಸಬೇಕು.