ಸ್ಥಳನಾಮ ಮತ್ತು ಆದಿವ್ಯಂಜನ ಪಲ್ಲಟ: ಅಬೆರ್‌ದಾರೊನ್ ತೀರದ ವೆಲ್ಷ್

ವೇಲ್ಸ್‌ನ ವಾಯವ್ಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಹ್ಲೀನ್ ಪರ್ಯಾಯದ್ವೀಪದ ತುದಿಯಲ್ಲಿ ಅಬೆರ್‌ದಾರೊನ್ ಎಂಬ ಸಣ್ಣ ಗ್ರಾಮವಿದೆ. ‘ಅಬೆರ್’ ಎಂದರೆ ನದೀಮುಖ. ದಾರೊನ್ ನದಿಯು ಕಡಲನ್ನು ಸೇರುವ ಸ್ಥಳವೇ ಈ ಊರು. ಮರಳದಂಡೆಗೆ ಅಂಟಿಕೊಂಡಂತೆ ಸಂತ ಹವಿನ್ನನ ಚರ್ಚು, ಮಣ್ಣು ಮತ್ತು ಕಲ್ಲಿನ ದಿಬ್ಬಗಳಿಂದ ಬೇಲಿ ಕಟ್ಟಿದ ಕಿರುಹೊಲಗಳು, ಆಚೆಗೆ ಯಾತ್ರಾಸ್ಥಳವಾದ ಎನ್‌ಹ್ಲಿ ದ್ವೀಪ. ಪ್ರಸ್ತುತ ಲೇಖನದಲ್ಲಿ ನಾವು ಈ ಭೂದೃಶ್ಯದ ಹೆಸರುಗಳನ್ನು ವ್ಯಾಕರಣದ ದೃಷ್ಟಿಯಿಂದ ಪರಿಶೀಲಿಸುತ್ತೇವೆ. ವೆಲ್ಷ್‌ನಲ್ಲಿ ಸ್ಥಳನಾಮವು ಕೇವಲ ಗುರುತುಚೀಟಿಯಲ್ಲ. ಅದು ಭಾಷೆಯ ಒಂದು ಮುಖ್ಯ ನಿಯಮವು ದಿನನಿತ್ಯ ಪ್ರಯೋಗಗೊಳ್ಳುವ ತಾಣ. ಹೆಸರು ಬದಲಾದಾಗ ಆ ತಾಣವೂ ಕಳೆದುಹೋಗುತ್ತದೆ ಎಂಬುದು ನಮ್ಮ ವಾದ. (ಇಲ್ಲಿ ‘ಹ್ಲ’ ಎಂದು ಬರೆದಿರುವುದು ಅಘೋಷ ಪಾರ್ಶ್ವಿಕ ಸಂಘರ್ಷಿ ಧ್ವನಿಯನ್ನು.)

1. ಪಲ್ಲಟದ ಸ್ವರೂಪ

ವೆಲ್ಷ್‌ನ ಪದಗಳ ಆದಿವ್ಯಂಜನವು ಹಿಂದಿನ ಪದಕ್ಕೆ ಅಥವಾ ವಾಕ್ಯದ ಸನ್ನಿವೇಶಕ್ಕೆ ಅನುಗುಣವಾಗಿ ಬದಲಾಗುತ್ತದೆ. ಹೀಗೆ ಬದಲಾಗಬಲ್ಲ ವ್ಯಂಜನಗಳು ಒಂಬತ್ತು. ಅವುಗಳಲ್ಲಿ ಪ, ತ, ಕ ಮಾತ್ರ ಮೃದು, ಅನುನಾಸಿಕ ಮತ್ತು ಊಷ್ಮ ಎಂಬ ಮೂರೂ ಪಲ್ಲಟಗಳಿಗೆ ಒಳಗಾಗುತ್ತವೆ. ಮೃದು ಪಲ್ಲಟದಲ್ಲಿ ಇವು ಕ್ರಮವಾಗಿ ಬ, ದ, ಗ ಆಗುತ್ತವೆ.

ಕನ್ನಡ ಓದುಗರಿಗೆ ಈ ಸಾಲು ಅಪರಿಚಿತವಲ್ಲ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂಬ ಸಮಾಸಗಳಲ್ಲಿ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುವುದನ್ನು ನಮ್ಮ ವ್ಯಾಕರಣ ಪರಂಪರೆ ಬಹುಹಿಂದೆಯೇ ಗುರುತಿಸಿದೆ. ಆದರೆ ಸಾಮ್ಯವು ಧ್ವನಿಯ ಮಟ್ಟದಲ್ಲಿ ನಿಲ್ಲುತ್ತದೆ. ಕನ್ನಡದ ಆದೇಶವು ಸಮಾಸದ ಒಳಗೆ, ಉತ್ತರಪದದ ಆದಿಯಲ್ಲಿ ನಡೆಯುವಂಥದು. ವೆಲ್ಷ್‌ನಲ್ಲಿ ಪಲ್ಲಟವು ಸ್ವತಂತ್ರ ಪದಗಳ ನಡುವೆ ನಡೆಯುತ್ತದೆ. ಅದಕ್ಕೆ ಮೂಲದಲ್ಲಿ ಕಾರಣವಾಗಿದ್ದ ಧ್ವನಿಪರಿಸರವು ಬಹುಮಟ್ಟಿಗೆ ಅಳಿದುಹೋಗಿ, ಅದು ಲಿಂಗ ಮತ್ತು ವಾಕ್ಯಸಂಬಂಧಗಳನ್ನು ಸೂಚಿಸುವ ವ್ಯಾಕರಣಾಂಶವಾಗಿ ಉಳಿದಿದೆ. ‘ಬಂಡೆ’ ಎಂಬರ್ಥದ ‘ಕ್ರೈಗ್’ ಸ್ತ್ರೀಲಿಂಗವಾದ್ದರಿಂದ ನಿರ್ದೇಶಕ ಗುಣವಾಚಿಯಾದ ‘ಅ’ ಬಂದೊಡನೆ ‘ಅ ಗ್ರೈಗ್’ ಆಗುತ್ತದೆ.

2. ತೀರದ ಹೆಸರುಗಳು

ಅಬೆರ್‌ದಾರೊನ್ ಸುತ್ತಲಿನ ಕರಾವಳಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ ‘ಪೋರ್ಥ್’. ಸಣ್ಣ ಕೊಲ್ಲಿ ಅಥವಾ ದೋಣಿ ತಂಗುವ ಜಾಗ ಎಂಬುದು ಅದರ ಅರ್ಥ. ಪೋರ್ಥ್ ಮೈದುಯ್ ಎಂದರೆ ಸಂನ್ಯಾಸಿಯ ಕೊಲ್ಲಿ. ಎನ್‌ಹ್ಲಿಗೆ ದೋಣಿಗಳು ಹೊರಡುವುದು ಇಲ್ಲಿಂದಲೇ. ಪೋರ್ಥ್ ಅಸ್ಗೊ, ಪೋರ್ಥ್ ಯಾಗೊ, ಪೋರ್ಥ್ ಕೋಲ್ಮೊನ್, ಪೋರ್ಥೋರ್ ಹೀಗೆ ಸರಣಿ ಮುಂದುವರಿಯುತ್ತದೆ. ‘ಪ’ಕಾರಾದಿಯಾದ ಈ ಹೆಸರುಗಳು ಮೂರೂ ಪಲ್ಲಟಗಳಿಗೆ ಒಡ್ಡಿಕೊಂಡಿವೆ:

ಇ ಬೋರ್ಥೋರ್ – ಪೋರ್ಥೋರ್‌ಗೆ (ಮೃದು)
ಅಮ್ ಮ್ಹೋರ್ಥೋರ್ – ಪೋರ್ಥೋರ್‌ನಲ್ಲಿ (ಅನುನಾಸಿಕ)
ಆ ಫೋರ್ಥೋರ್ – ಮತ್ತು ಪೋರ್ಥೋರ್ (ಊಷ್ಮ)

ಹೋಗುವುದು, ಇರುವುದು, ಒಂದರೊಡನೆ ಇನ್ನೊಂದನ್ನು ಹೇಳುವುದು ಯಾವ ಊರಿನಲ್ಲಾದರೂ ಅತಿ ಸಾಮಾನ್ಯವಾದ ಮಾತು. ಆದ್ದರಿಂದ ಇಲ್ಲಿ ಬೆಳೆಯುವ ಮಗುವಿಗೆ ಕಡಲತೀರದ ಹೆಸರುಗಳೇ ಪಲ್ಲಟದ ಅಭ್ಯಾಸವನ್ನು ಒದಗಿಸಬಲ್ಲವು.

ಪಲ್ಲಟವು ಒಂದು ಹೆಸರು ಭಾಷೆಯೊಳಗೆ ನೆಲೆಗೊಂಡಿದೆ ಎಂಬುದರ ಲಕ್ಷಣವೂ ಹೌದು. ವೆಲ್ಷ್ ರೂಪ ಪಡೆಯದ ಪರಸ್ಥಳಗಳ ಹೆಸರುಗಳು ಸಾಮಾನ್ಯವಾಗಿ ಬದಲಾಗದೆ ಉಳಿಯುತ್ತವೆ. ಆದರೆ ಲಂಡನ್ನಿನ ವೆಲ್ಷ್ ರೂಪವಾದ ‘ಹ್ಲಿಂಡೈನ್’ ಎಂಬುದು ‘ಇ ಲಿಂಡೈನ್’ ಎಂದು ಪಲ್ಲಟಗೊಳ್ಳುತ್ತದೆ. ದೂರದ ರಾಜಧಾನಿಯ ಹೆಸರು ಈ ಭಾಷೆಯ ನಿಯಮಕ್ಕೆ ಬಾಗಿದೆ. ಹ್ಲೀನ್‌ನಲ್ಲಿಯೇ ಇದಕ್ಕೆ ವಿರುದ್ಧವಾದ ಸ್ಥಿತಿ ಕಾಣುತ್ತದೆ. ನಡೆದರೆ ಸದ್ದು ಮಾಡುವ ಮರಳಿನಿಂದಾಗಿ ಪೋರ್ಥೋರ್‌ಗೆ ಇಂಗ್ಲಿಷಿನಲ್ಲಿ ‘ವಿಸ್ಲಿಂಗ್ ಸ್ಯಾಂಡ್ಸ್’ ಎಂದು ಹೆಸರು. ಹಾಯಿಹಡಗುಗಳಿಗೆ ಅಪಾಯಕಾರಿಯಾಗಿದ್ದ ಪೋರ್ಥ್ ನೈಗುಲ್ ‘ಹೆಲ್ಸ್ ಮೌತ್’ ಆಗಿದೆ. ಈ ಎರಡು ಹೆಸರುಗಳ ಆದಿಧ್ವನಿಗಳೂ ಪಲ್ಲಟಕ್ಷಮವಾದ ಒಂಬತ್ತರಲ್ಲಿ ಸೇರುವುದಿಲ್ಲ. ವೆಲ್ಷ್ ವಾಕ್ಯದೊಳಗೆ ಬಂದರೂ ಅವು ನಿಶ್ಚಲವಾಗಿಯೇ ನಿಲ್ಲುತ್ತವೆ.

3. ಮನೆ, ಜನ, ಹೆಸರು

ಹೆಸರು ಬದಲಾಗುವುದರಿಂದಲೇ ಭಾಷೆ ಕ್ಷೀಣಿಸುತ್ತದೆ ಎಂದು ನಾವು ಹೇಳುತ್ತಿಲ್ಲ. 2021ರ ಜನಗಣತಿಯಲ್ಲಿ ವೇಲ್ಸ್‌ನ ಮೂರು ವರ್ಷ ಮೀರಿದವರಲ್ಲಿ ವೆಲ್ಷ್ ಬಲ್ಲವರು ಶೇ. 17.8, ಅಬೆರ್‌ದಾರೊನ್ ಸೇರಿರುವ ಗ್ವಿನೆಥ್ ಆಡಳಿತ ಪ್ರದೇಶದಲ್ಲಿ ಈ ಪ್ರಮಾಣ ಶೇ. 64.4. 2011ರಲ್ಲಿ ಇವು ಕ್ರಮವಾಗಿ ಶೇ. 19.0 ಮತ್ತು 65.4 ಆಗಿದ್ದವು. ಕರಾವಳಿಯ ಮನೆಗಳು ರಜೆಯ ಮನೆಗಳಾಗಿ ಮಾರಾಟವಾದಾಗ ಸ್ಥಳೀಯ ಯುವಜನರಿಗೆ ಊರಿನಲ್ಲಿ ನೆಲೆಸುವುದು ಕಷ್ಟವಾಗುತ್ತದೆ. ಊರಿನಲ್ಲಿ ಮಾತನಾಡುವವರ ಜಾಲವೇ ತೆಳುವಾಗುತ್ತದೆ. ವೇಲ್ಸ್ ಸರ್ಕಾರವು ಅಕ್ಟೋಬರ್ 2022ರಿಂದ ಎರಡನೆಯ ಮನೆಗಳನ್ನು ಯೋಜನಾ ನಿಯಮಗಳಲ್ಲಿ ಪ್ರತ್ಯೇಕ ವರ್ಗವಾಗಿ ಪರಿಗಣಿಸಿದೆ. ಏಪ್ರಿಲ್ 2023ರಿಂದ ಅವುಗಳ ಮೇಲೆ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ವಿಧಿಸಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡಿದೆ. ವಸತಿಯ ಪ್ರಶ್ನೆ ಇಲ್ಲಿ ಭಾಷಾನೀತಿಯ ಪ್ರಶ್ನೆಯೂ ಆಗಿದೆ.

ಹೆಸರುಗಳ ರಕ್ಷಣೆಗೆಂದೇ 2016ರ ಕಾಯಿದೆಯೊಂದರ ಅನ್ವಯ ಐತಿಹಾಸಿಕ ಸ್ಥಳನಾಮಗಳ ಅಧಿಕೃತ ಪಟ್ಟಿ ಸಿದ್ಧವಾಗಿದೆ. ಆದರೆ ಮನೆಯ ಒಡೆಯನು ಹಳೆಯ ಹೆಸರನ್ನು ಬದಲಿಸುವುದನ್ನು ಪಟ್ಟಿಯು ತಡೆಯುವುದಿಲ್ಲ. ಭಾಷಾವಿಜ್ಞಾನದ ದೃಷ್ಟಿಯಿಂದ ಇನ್ನೊಂದು ಮಿತಿಯೂ ಇದೆ. ಪಟ್ಟಿಯಲ್ಲಿರುವುದು ಹೆಸರಿನ ಮೂಲರೂಪ ಮತ್ತು ಅದರ ಲಿಖಿತ ಪಾಠಾಂತರಗಳು. ವಾಕ್ಯದೊಳಗೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದಲ್ಲ.

ಕ್ಷೇತ್ರಕಾರ್ಯ ಕೈಗೊಳ್ಳುವವರಿಗೆ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಆಡುಮಾತಿನ ವೆಲ್ಷ್‌ನಲ್ಲಿ ಅನುನಾಸಿಕ ಮತ್ತು ಊಷ್ಮ ಪಲ್ಲಟಗಳು ಹಿಂಜರಿಯುತ್ತಿವೆ. ಅನೇಕ ವೇಳೆ ಅವುಗಳ ಸ್ಥಾನದಲ್ಲಿ ಮೃದು ಪಲ್ಲಟವೋ ಮೂಲರೂಪವೋ ಬರುತ್ತದೆ. ಪ್ರತಿಯೊಂದು ಹೆಸರನ್ನೂ ‘ಅಲ್ಲಿಗೆ’, ‘ಅಲ್ಲಿ’, ‘ಮತ್ತು’ ಎಂಬ ಮೂರು ಚೌಕಟ್ಟುಗಳಲ್ಲಿ, ಹಿರಿಯರಿಂದಲೂ ಮಕ್ಕಳಿಂದಲೂ ದಾಖಲಿಸಿಕೊಂಡರೆ, ಬದಲಾವಣೆಯು ಯಾವ ಪಲ್ಲಟದಲ್ಲಿ, ಯಾವ ತಲೆಮಾರಿನಲ್ಲಿ ಮುಂದುವರಿದಿದೆ ಎಂಬುದು ಸ್ಪಷ್ಟವಾಗುತ್ತದೆ. ನಕ್ಷೆಯಲ್ಲಿ ‘ಪೋರ್ಥೋರ್’ ಎಂಬ ಅಕ್ಷರಗಳು ಉಳಿಯುವುದು ಅಗತ್ಯ. ಆದರೆ ಅಲ್ಲಿಗೆ ಹೊರಟವರ ಮಾತಿನಲ್ಲಿ ಅದು ‘ಬೋರ್ಥೋರ್’ ಆಗುತ್ತಿರುವವರೆಗೆ ಮಾತ್ರ ಆ ಹೆಸರು ವೆಲ್ಷ್ ಭಾಷೆಯ ಪದವಾಗಿ ಉಳಿದಿರುತ್ತದೆ.